ಕೆಂಪು ತಂತಿ, ನೀಲಿ ತಂತಿ

ಭಾವಮೈದುನ ಅಮೆರಿಕದಿಂದ ತಂದ, ಟ್ರೈಲರ್ ಎಳೆಯುವ ಪೀಟರ್‌ಬಿಲ್ಟ್ 359 ಲಾರಿಯ ಪ್ಲಾಸ್ಟಿಕ್ ಮಾದರಿ, ಅಸಲಿನ 25ರಲ್ಲೊಂದು ಪಾಲಿನದು, ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಊಟದ ಮೇಜನ್ನೇ ಆಕ್ರಮಿಸಿತು. ಎರಡು ತಿಂಗಳು ನಾವೆಲ್ಲ ನೆಲದ ಮೇಲೆ ಕೂತು ಉಂಡೆವು. ಹನ್ನೆರಡನೆಯ ತರಗತಿಯ ಫಲಿತಾಂಶದ ನಂತರ ಮಾತು ಬಿಟ್ಟಿದ್ದ ಮಗ ಅಂಟು ಹಚ್ಚಲು ಮಾತ್ರ ನಮ್ಮೊಡನೆ ಕೂರುತ್ತಿದ್ದ.

ಟ್ರೈಲರಿನ ಬ್ರೇಕಿಗೆ ಗಾಳಿ ಒಯ್ಯುವ ಕೊಳವೆಗಳನ್ನು ಟೆಲಿಫೋನ್ ಕೇಬಲ್ಲಿನ ಬಣ್ಣದ ತಂತಿಗಳಿಂದ ಮಾಡಿದೆವು. ನೀಲಿಯಲ್ಲಿ ಬ್ರೇಕ್ ಒತ್ತಿದಾಗಷ್ಟೇ ಗಾಳಿ. ಕೆಂಪಿನಲ್ಲಿ ಸದಾ ಇರಬೇಕು. ಅದು ಕಡಿದರೆ ಟ್ರೈಲರಿನ ಬ್ರೇಕು ತಾನಾಗಿಯೇ ಬಿಗಿಯುತ್ತದೆ. ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತು!

ಕೆಂಪು ತಂತಿ ಹಿಡಿದುಕೊಂಡೇ ಅವನೆಂದ: "ಅಪ್ಪಾ, ನಾನು ಎಂಜಿನಿಯರಿಂಗಿಗೆ ಹೋಗೋದಿಲ್ಲ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಅಲುಗಾಡಿಸಬೇಡ, ಅಂಟು ಒಣಗಲಿ" ಎಂದೆವು.