ಅಪ್ಪ ಬಿಗಿದ ನಟ್ಟು

ಹೋದ ತಿಂಗಳು ಮೂರು ದಿನ ರಜೆ ಸಿಕ್ಕಿತ್ತು. ಮೈಸೂರಿಗೆ ಹೋದವನು ಮನೆ ಹಿಂದಿನ ಶೆಡ್ಡಿನಿಂದ ಅಪ್ಪನ ಯೆಜ್ಡಿ ಹೊರಗೆಳೆದೆ. ಅದೇ ಕಣ್ರೀ, ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇರೋ ಗಾಡಿ. ನಮ್ಮೂರಲ್ಲೇ ಹುಟ್ಟಿದ್ದು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೂ ಅಪ್ಪ ಏಳೆಂಟು ವರ್ಷ ಓಡಿಸಿದರು. ಆಮೇಲೆ ಗೋಣಿಚೀಲ ಹೊದ್ದು ಮಲಗಿದ್ದು ಮಲಗಿದ್ದೇ.

ಹಿಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ. ಬಿಚ್ಚೋಣ ಅಂತ ಆಕ್ಸಲ್ ನಟ್ಟಿಗೆ ಸ್ಕ್ರೂ ಸ್ಪ್ಯಾನರ್ ಹಾಕಿದೆ. ಊಹೂಂ... ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅದರ ಮೇಲೇ ನಿಂತೆ. ಸರ್ರನೆ ಜಾರಿತು. ನಟ್ಟಿನ ಎರಡು ಮೂಲೆ ಸವೆದು ದುಂಡಗಾಯ್ತು, ನನ್ನ ಬೆರಳ ಗೆಣ್ಣು ಕಿತ್ತುಬಂತು. ಸಿಟ್ಟಿಗೆ ಬೆಂಕಿ ಹಿಡಿದು ಕಾಯಿಸೋಣ ಅಂದೆ. ಕಾದರೆ ನಟ್ಟು ಹಿಗ್ಗುತ್ತೆ ನಿಜ. ಆದ್ರೆ ಪಕ್ಕದಲ್ಲೇ ಟೈರು, ಮೇಲೆ ಪೆಟ್ರೋಲ್ ಟ್ಯಾಂಕು!

ಜಗಲಿಯಿಂದ ನೋಡುತ್ತಿದ್ದ ಅಪ್ಪ ಎದ್ದು ಬಂದರು. "ಇಪ್ಪತ್ತು ವರ್ಷ ಕೂತಿರೋದು, ಇಪ್ಪತ್ತು ನಿಮಿಷದಲ್ಲಿ ಏಳು ಅಂದ್ರೆ ಏಳತ್ತೇನೋ? ಕಬ್ಬಿಣ ತುಕ್ಕು ಹಿಡಿದ್ರೆ ಊದಿಕೊಳ್ಳತ್ತೆ. ಎಳೆಗಳ ಮಧ್ಯೆ ಜಾಗ ಎಲ್ಲಿದೆ ಅದಕ್ಕೆ?"

ಮೊದಲು ವೈರ್ ಬ್ರಶ್ಶಿಂದ ಹೊರಗೆ ಕಾಣುವ ಎಳೆ ತಿಕ್ಕಿಸಿದರು. ಡೀಸೆಲ್ಲಿಗೆ ಒಂಚೂರು ಆಯಿಲ್ ಬೆರೆಸಿ ಬಿಟ್ಟರು. ನಟ್ಟಿನ ಒಂದು ಮಗ್ಗುಲಿಗೆ ದಪ್ಪ ಸುತ್ತಿಗೆ ಆನಿಸಿಕೊಂಡು ಇನ್ನೊಂದು ಮಗ್ಗುಲಿಗೆ ಟಕಟಕ ತಟ್ಟೋದು, ಮತ್ತೆ ಎಣ್ಣೆ ಬಿಡೋದು. ಎರಡು ದಿನ ಇದೇ ಪೂಜೆ. ಆರೂ ಮುಖಕ್ಕೆ ಅರ ಹಾಕಿ, ಒಂದು ಸೈಜ್ ಚಿಕ್ಕ ರಿಂಗ್ ಸ್ಪ್ಯಾನರನ್ನು ಬಡಿದು ಕೂರಿಸಿದೆವು.

"ಈಗ ಬಿಗಿ" ಅಂದರು. ಬಿಚ್ಚೋಕೆ ಬಂದವನಿಗೆ ಬಿಗಿ ಅಂತಾರಲ್ಲ ಅನ್ನಿಸ್ತು. ಬಿಗಿಯುವ ಕಡೆ ಒತ್ತಿದೆ. ಟಿಕ್! ಕೂದಲೆಳೆಯಷ್ಟು ಅಲ್ಲಾಡಿತು. ಆಮೇಲೆ ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ನಡುವೆ ಎಣ್ಣೆ. ಕೆಂಪು ಪುಡಿ ಉದುರುತ್ತಾ ನಟ್ಟು ಕೊನೆಗೂ ಕೈಗೆ ಬಂತು.

ಅಪ್ಪ ಅದನ್ನು ಅಂಗೈಲಿಟ್ಟು ನೋಡಿದರು. "ನೀನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಟೆಯಲ್ಲ, ಹಿಂದಿನ ದಿನ ಪಂಕ್ಚರ್ ಆಗಿತ್ತು. ನಾನೇ ಹಾಕಿದ್ದು. ಸ್ಟೇಷನ್ ತನಕ ಲಗೇಜ್ ಹಿಡ್ಕೊಂಡು ಹಿಂದೆ ನೀನು ಕೂರ್ತೀಯ ಅಂತ ಸ್ವಲ್ಪ ಜಾಸ್ತೀನೇ ಬಿಗಿದಿದ್ದೆ."

ನನಗೆ ಏನೂ ಹೇಳೋಕೆ ತೋಚಲಿಲ್ಲ.

ಎಳೆಗೆ ಗ್ರೀಸ್ ಸವರಿ ಹೊಸ ನಟ್ಟು ಹಾಕಿದೆ. ಈ ಸಲ ಹಿಂದೆ ಕೂರೋದು ಅಪ್ಪ. ನಾನೂ ಸ್ವಲ್ಪ ಜಾಸ್ತೀನೇ ಬಿಗಿದೆ.

ಎಂಜಿನ್ ಇನ್ನೂ ಸ್ಟಾರ್ಟ್ ಆಗಿಲ್ಲ ಬಿಡಿ... ಆ ಕತೆ ಇನ್ನೊಂದು ಸಲ.