ಹಬ್ಬದ ಕಥೆಯೂ ಮಕ್ಕಳ ನಂಬಿಕೆಯೂ

ದೀಪಾವಳಿ ಮುಗಿದೊಡನೆ ನಮ್ಮ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಗೊರೆಹಬ್ಬ. ಮನೆಮನೆಯ ಸಗಣಿ ಬೀರೇಶ್ವರನ ಗುಡಿಯ ಬಳಿ ರಾಶಿ ಬೀಳುತ್ತದೆ. ಪೂಜೆಯಾದ ಮೇಲೆ ಉಂಡೆ ಕಟ್ಟಿ ಎಸೆದಾಡುತ್ತಾರೆ. ಸ್ವಾಮಿ ಸಗಣಿಯಲ್ಲೇ ಅವತರಿಸಿದನೆಂದು ಕಥೆ. ಕಣ್ಣರಳಿಸಿ ಕೇಳುವ ಮಗುವಿಗೆ ಅದೆಲ್ಲ ಸುಳ್ಳೆಂದು ಹೇಳುವ ಅವಸರ ಏಕೆ? ಬಲಿಪಾಡ್ಯಮಿಯಂದು ಹೊಸಿಲಿಗೆ ದೀಪವಿಟ್ಟು ಬಲೀಂದ್ರನನ್ನು ಕಾಯುವ ಮಗುವಿಗೆ ಕೊಟ್ಟ ಮಾತಿಗೆ ತಪ್ಪದ ರಾಜನೊಬ್ಬನ ಪರಿಚಯವಾಗುತ್ತದೆ. (ಅದೇ ಬಲಿ ಕೇರಳಕ್ಕೆ ಓಣಂ ದಿನವೇ ಬಂದು ಹೋಗಿರುತ್ತಾನೆ!) ದೊಡ್ಡದಾದ ಮೇಲೆ "ನಿಜವೇ?" ಎಂದು ಅದೇ ಕೇಳುತ್ತದೆ. ಆಗ ಗದರಿಸದೆ, ಹಿರಿಯರು ಹೇಳಿಕೊಂಡು ಬಂದ ಕಥೆಯೆನ್ನಿ, ಸಾಕು.

ಆದರೆ ಗೊರೆಹಬ್ಬದ ಸಗಣಿ ಮೈಗೆ ತಾಗಿದರೆ ರೋಗ ವಾಸಿಯಾಗುತ್ತದೆಂಬ ಮಾತೂ ಉಂಟು. ಪೋಷಕರೇ, ಇದನ್ನು ಮಾತ್ರ ಮಗುವಿಗೆ ನಂಬಿಸಬೇಡಿ. ಧನುರ್ವಾಯುವಿನ ರೋಗಾಣು ದನದ ಸಗಣಿಯಲ್ಲಿರಬಹುದು. ಗಾಯದ ಮೂಲಕ ಮೈ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕಾಲಿಗೆ ಕುಡುಗೋಲು ತಾಗಿಸಿಕೊಂಡ ನನ್ನ ವಿದ್ಯಾರ್ಥಿಯೊಬ್ಬ, "ಹಬ್ಬಕ್ಕೆ ವಾಸಿಯಾಗುತ್ತೆ ಸಾರ್" ಎಂದ. ಅಂದೇ ಆಸ್ಪತ್ರೆಗೆ ಕಳುಹಿಸಿ ಚುಚ್ಚುಮದ್ದು ಹಾಕಿಸಿದ್ದಾಯಿತು. ಹಬ್ಬಕ್ಕೆ ಹೋಗಬೇಡವೆನ್ನಲಿಲ್ಲ, ದೂರ ನಿಂತು ನೋಡು ಎಂದೆ. ಜಗಲಿಯ ಮೇಲೆ ಕುಳಿತು ಎಲ್ಲರಿಗಿಂತ ಜೋರಾಗಿ ಕೂಗಿದನಂತೆ.