ಹುಣಸೆಬೀಜದಷ್ಟು ಮೂಳೆ

ಎಡಗಡೆ ಕೆಳದವಡೆಯ ಎರಡು ಹಲ್ಲು ಕೀಳಿಸಿ ಹನ್ನೊಂದು ವರ್ಷವಾಗಿತ್ತು. ಕಿತ್ತವರು ಹತ್ತಿ ಕಚ್ಚಿಸಿ ಕಳಿಸಿದ್ದರು. ಹಲ್ಲು ಹೋದ ಕಡೆ ಮೂಳೆ ಕರಗುತ್ತದೆ, ಮೊದಲ ವರ್ಷದಲ್ಲೇ ಅಗಲ ಅರ್ಧದಷ್ಟು ಇಳಿಯಬಹುದು ಅಂತ ಯಾರೂ ಹೇಳಲಿಲ್ಲ. ಬಲಗಡೆಯಲ್ಲೇ ಅಗಿದು ಕಾಲ ಹಾಕಿದೆ.

ಇಂಪ್ಲಾಂಟ್ ಹಾಕಿಸಲು ಹೋದಾಗ ಸ್ಕ್ಯಾನ್‌ನಲ್ಲಿ ಉಳಿದಿದ್ದ ಮೂಳೆಯ ಅಗಲ ಮೂರು ಮಿಲಿಮೀಟರ್. ಸ್ಕ್ರೂ ಹಿಡಿಯಲು ಅದರ ಎರಡರಷ್ಟಾದರೂ ಬೇಕು. ಮೊದಲು ಮೂಳೆ ಕಟ್ಟಬೇಕು ಎಂದರು ಡಾಕ್ಟರು. ಕಟ್ಟುವ ಪುಡಿ ಯಾವುದರದ್ದು ಎಂದು ಕೇಳಿದೆ. ಹೆಚ್ಚಾಗಿ ಬಳಸುವುದು ದನದ ಮೂಳೆಯದು ಎಂದರು.

ಮಾವಳ್ಳಿಯ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಮತ್ತೆ ಹೋಗಿ ಕೇಳಿದರೆ ಬೇರೆ ದಾರಿಯೂ ಇತ್ತು. ಬುದ್ಧಿಹಲ್ಲಿನ ಹಿಂದಿನ ನನ್ನದೇ ಮೂಳೆ ಕೊಯ್ದು ಕೂರಿಸಿ, ಸುತ್ತ ಕೃತಕ ಕ್ಯಾಲ್ಸಿಯಂ ಫಾಸ್ಫೇಟ್ ತುಂಬುವುದು. ಮೇಲೆ ಹೊದಿಸುವ ಪೊರೆಯೂ ಸಾಮಾನ್ಯವಾಗಿ ಹಂದಿಯದೋ ದನದ್ದೋ ಆಗಿರುತ್ತದಂತೆ. ಅದನ್ನೂ ಕೃತಕದ್ದೇ ತರಿಸಿದೆ. ಒಂದರ ಬದಲು ಎರಡು ಗಾಯ. ಒಪ್ಪಿಕೊಂಡೆ.

ಮರಗಟ್ಟಿದ್ದರಿಂದ ನೋವಿರಲಿಲ್ಲ. ಆದರೆ ಉಳಿ ತಟ್ಟಿದ ಸದ್ದು ಕಿವಿಯಿಂದಲ್ಲ, ತಲೆಬುರುಡೆಯ ಒಳಗಿಂದ ಕೇಳಿಸಿತು. ಸ್ಟೀಲ್ ಬಟ್ಟಲಲ್ಲಿಟ್ಟು ತೋರಿಸಿದರು. ಹುಣಸೆಬೀಜದಷ್ಟು ತುಂಡು, ಅಂಚಲ್ಲಿ ನೆತ್ತರು. ಅದನ್ನು ಎರಡು ಸಣ್ಣ ಸ್ಕ್ರೂಗಳಿಂದ ಬಿಗಿದು ಹೊಲಿದರು.

ಮೂರನೆಯ ದಿನ ಕೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಬಂತು. ಹತ್ತು ದಿನ ಆರಿದ ರಾಗಿ ಗಂಜಿ. ಊತಕ್ಕಿಂತ ನನ್ನನ್ನು ಹೆದರಿಸಿದ್ದು ಕೆಳತುಟಿ. ಎಡ ಅರ್ಧಕ್ಕೆ ಸ್ಪರ್ಶವೇ ಇಲ್ಲ. ಕಾಫಿ ಗಲ್ಲಕ್ಕೆ ಇಳಿದು ಸೀರೆ ನೆನೆದ ಮೇಲೆ ತಿಳಿಯುತ್ತಿತ್ತು. ನರಕ್ಕೆ ಪೆಟ್ಟಾಗಿರಬಹುದು, ಕಾಯಬೇಕು ಎಂದರು. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಮಕ್ಕಳು ಬಿಸಿ ಕಡಲೆಕಾಯಿ ಬಿಡಿಸುತ್ತಿದ್ದರೆ, ನಾನು ತುಟಿ ಚಿವುಟಿ ಚಿವುಟಿ ನೋಡಿಕೊಳ್ಳುತ್ತಿದ್ದೆ. ಏಳನೆಯ ವಾರ ಜುಮ್ಮೆಂದಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಮೂಳೆ ಬೆಸೆಯಲು ಆರು ತಿಂಗಳು, ಇಂಪ್ಲಾಂಟ್ ಕೂಡಿಕೊಳ್ಳಲು ಮತ್ತೆ ಮೂರು. ಈಗ ಎಡಗಡೆಯೂ ಅಗಿಯುತ್ತೇನೆ.

ಹಲ್ಲು ಕೀಳಿಸುವ ದಿನವೇ, ಕುರ್ಚಿಯಿಂದ ಇಳಿಯುವ ಮೊದಲು, ಈ ಜಾಗದ ಮೂಳೆ ಉಳಿಸುವುದು ಹೇಗೆ ಎಂದು ಕೇಳಿ. ಏನಾದರೂ ತುಂಬುತ್ತೇವೆ ಎಂದರೆ ಅದು ಯಾವುದರದ್ದು ಎಂದೂ ಕೇಳಿ.